ಸಿ ಡ್ರೈವ್ ತುಂಬಿದೆ, ಏನು ಮಾಡಲಿ?

ಪ್ರಶ್ನೆ: ವಿಂಡೋಸ್ ಕಂಪ್ಯೂಟರಿನಲ್ಲಿ ಸಿ ಡ್ರೈವ್ ತುಂಬಿಹೋಗಿದೆ, ಡಿ ಖಾಲಿ. ಯೂಸರ್ಸ್ ಫೋಲ್ಡರನ್ನೇ ಕಟ್ ಮಾಡಿ ಅಲ್ಲಿಗೆ ಹಾಕಬಹುದಾ ಸರ್?
– ಓದುಗರು, ತೀರ್ಥಹಳ್ಳಿ

ಉತ್ತರ: ಬೇಡ, ದಯವಿಟ್ಟು ಹಾಗೆ ಮಾಡಬೇಡಿ. ಅದರೊಳಗೆ ಆ್ಯಪ್‌ಡೇಟಾ ಅಂತ ಕಣ್ಣಿಗೆ ಕಾಣದ ಫೋಲ್ಡರ್ ಇರುತ್ತದೆ, ಪ್ರೋಗ್ರಾಂಗಳು ತಮ್ಮ ಸೆಟ್ಟಿಂಗ್ಸ್ ಹುಡುಕುವುದು ಅಲ್ಲೇ, ಅದು ಜಾಗ ತಪ್ಪಿದರೆ ಲಾಗಿನ್ನೇ ಕೆಡಬಹುದು. ಪಿಕ್ಚರ್ಸ್, ಡಾಕ್ಯುಮೆಂಟ್ಸ್, ವಿಡಿಯೋಸ್ ಮಾತ್ರ ಸಾಗಿಸಿ. ಡಿಯಲ್ಲಿ ಪ್ರತಿಯೊಂದಕ್ಕೂ ಬೇರೆ ಫೋಲ್ಡರ್ ಮಾಡಿಕೊಳ್ಳಿ, ಬರೀ ಡಿ ಡ್ರೈವನ್ನೇ ತೋರಿಸಿದರೆ ಆಮೇಲೆ ಬಿಡಿಸುವುದು ದೊಡ್ಡ ತಲೆನೋವು. ಪಿಕ್ಚರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ಲೊಕೇಶನ್, ಅಲ್ಲಿ ಮೂವ್. ಹೊಸ ಫೋಲ್ಡರ್ ಆರಿಸಿ ಅಪ್ಲೈ ಒತ್ತಿ, ಹಳೆ ಫೈಲುಗಳನ್ನೂ ಸಾಗಿಸಲಾ ಎಂದು ಕೇಳಿದರೆ ಯೆಸ್ ಅನ್ನಿ. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಹೇಳದೆ ಹೋಗುತ್ತೆ ಅಲ್ವಾ, ಯುಪಿಎಸ್ ಇಲ್ಲದೆ ಶುರು ಮಾಡಬೇಡಿ. ಮನೆಯವರ ಫೋಟೋಗಳ ಇನ್ನೊಂದು ಕಾಪಿ ಪೆನ್‌ಡ್ರೈವಿನಲ್ಲಿರಲಿ.