‘ದೈವದತ್ತ ಕಂಠ’ ಎಂದ ಓದುಗರಿಗೆ

ಇಟಲಿಯ ಒಪೆರಾ (ಹಾಡಿನಲ್ಲೇ ನಡೆಯುವ ನಾಟಕ) ಗಾಯಕ ಎನ್ರಿಕೊ ಕರುಸೊ ಕುರಿತ ನಮ್ಮ ಲೇಖನವನ್ನು ಓದಿದ ಧಾರವಾಡದ ಓದುಗರೊಬ್ಬರು, ‘ಅಂಥ ಕಂಠ ದೈವದತ್ತವಾದದ್ದು, ಅದರ ಹಿಂದಿನ ಸಾಧನೆಯನ್ನು ಇಷ್ಟು ಹಿಗ್ಗಿಸಿ ಬರೆಯಬೇಕಿತ್ತೇ?’ ಎಂದು ಕೇಳಿದ್ದಾರೆ.

ಮಾನ್ಯರೇ, ಸಂಗೀತದ ಊರಿನಲ್ಲಿದ್ದುಕೊಂಡು ತಾವು ಹೀಗೆ ಕೇಳಬಹುದೇ? ಅಗಲವಾದ ಎದೆ ಹುಟ್ಟಿನಿಂದಲೇ ಬಂದಿದ್ದೀತು, ಒಪ್ಪಿದೆ. ಆದರೆ 1873ರಲ್ಲಿ ನೇಪಲ್ಸ್‌ನ ಬಡ ಕುಟುಂಬದಲ್ಲಿ ಹುಟ್ಟಿದ ಈ ಹುಡುಗನ ದನಿ, ಕಿಟಕಿಯ ಸಂದಿಯಲ್ಲಿ ನುಸುಳುವ ಗಾಳಿಯಂತಿದೆ ಎಂದು ಗುರು ವೆರ್ಜಿನೆ ಹೇಳಿದ್ದರೆಂಬುದು ಪ್ರಸಿದ್ಧ. ಮೇಲಿನ ಸ್ವರ ಹಿಡಿಯಹೋದರೆ ಅದು ಒಡೆಯುತ್ತಿತ್ತು. 1901ರ ಕೊನೆಯಲ್ಲಿ ಹುಟ್ಟೂರಿನ ಸಾನ್ ಕಾರ್ಲೊ ರಂಗಮಂದಿರದಲ್ಲಿ ಸಂಗೀತ ಸಂಯೋಜಕ ದೊನಿಜೆಟ್ಟಿಯ ‘ಲೆಲಿಸಿರ್ ದಮೊರೆ’ ಒಪೆರಾ ಹಾಡಿದಾಗ ಯಾರೂ ಅವರನ್ನು ದೈವದತ್ತರೆಂದು ಹೊಗಳಲಿಲ್ಲ; ಮನನೊಂದ ಕರುಸೊ ಆ ಊರಿನಲ್ಲಿ ಮತ್ತೆಂದೂ ಹಾಡದಿರಲು ನಿರ್ಧರಿಸಿದರು.

ಅದೇ ಒಪೆರಾದ ಗೀತೆಯೊಂದನ್ನು ಅವರು 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಧ್ವನಿಮುದ್ರಿಸಿದರು. ಮೈಕ್ ಇಲ್ಲದ ಕಾಲವದು. ಕಹಳೆಯಂಥ ಕೊಳವೆಯ ಮುಂದೆ ನಿಂತು ಹಾಡಿದ ದನಿಯ ಬಲವೇ ಸೂಜಿಯನ್ನು ಅಲುಗಿಸಿ ಮೇಣದ ಮೇಲೆ ಗೆರೆ ಕೊರೆಯಬೇಕಿತ್ತು. ಕೊನೆಯಲ್ಲಿ ಪಿಯಾನೊ ಸುಮ್ಮನಾಗುತ್ತದೆ, ದನಿಯೊಂದೇ ಉಳಿಯುತ್ತದೆ. ಅದು ಆತುರವಿಲ್ಲದೆ ಇಳಿಯುತ್ತ, ತೆಳ್ಳಗಾಗುತ್ತ, ಎಳೆ ಕಡಿಯದೆ ಸಾಗುವುದನ್ನು ಕೇಳಿದವರಿಗೆ ವರ್ಷಗಳ ಉಸಿರಿನ ಸಾಧನೆ ಕೇಳಿಸದಿರದು. 1902ರ ಏಪ್ರಿಲ್‌ನಲ್ಲಿ ಮಿಲಾನಿನ ಹೋಟೆಲೊಂದರಲ್ಲಿ ಅವರ ಹತ್ತು ಹಾಡುಗಳನ್ನು ಮುದ್ರಿಸಿದ್ದ ಫ್ರೆಡ್ ಗೈಸ್‌ಬರ್ಗ್, ಅದೇ ವರ್ಷ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರನ್ನೂ ಮುದ್ರಿಸಿದರು. ಮೈಸೂರಿನಲ್ಲಿ ಕೊನೆಯುಸಿರೆಳೆದ ಆ ಗಾಯಕಿಯದೂ ಉಸ್ತಾದರ ಮುಂದೆ ಕುಳಿತು ಕಲಿತ ವಿದ್ಯೆಯೇ.

ಆರು ತಿಂಗಳ ಪಾಠ ಮುಗಿಸಿದ ಮಗುವಿನ ಹಾಡನ್ನು ನಮಗೆ ಕಳುಹಿಸಿ, ‘ದೈವದತ್ತ ಪ್ರತಿಭೆ’ ಎಂಬ ಶೀರ್ಷಿಕೆಯನ್ನೂ ತಾವೇ ಸೂಚಿಸುವ ಪೋಷಕರು ಇದ್ದಾರೆ. ಸ್ಪರ್ಧೆಯ ವೇದಿಕೆಗಳಲ್ಲಿ ತೀರ್ಪುಗಾರರೂ ಇದೇ ಮಾತನ್ನಾಡುತ್ತಾರೆ. ಕೇಳಿದ ಮಗು ನಾಳೆ ಬೆಳಿಗ್ಗೆ ಯಾಕಾಗಿ ಎದ್ದು ಶ್ರುತಿ ಹಿಡಿಯಬೇಕು? ನನ್ನ ಸಂಕಟ ಇದು.

1920ರ ಡಿಸೆಂಬರ್ 11ರಂದು ಬ್ರೂಕ್ಲಿನ್‌ನಲ್ಲಿ ಅದೇ ‘ಲೆಲಿಸಿರ್ ದಮೊರೆ’ ಹಾಡುತ್ತಿದ್ದಾಗ ಕರುಸೊ ಅವರ ಬಾಯಿಂದ ರಕ್ತ ಬಂತು. ರಂಗದ ಪಕ್ಕದಿಂದ ಬಟ್ಟೆಗಳನ್ನು ಕೈಗೆ ಕೊಡುತ್ತಿದ್ದರು, ಅವರು ಒರೆಸಿಕೊಂಡು ಹಾಡುತ್ತಲೇ ಇದ್ದರು. ಅಂಕ ಮುಗಿದ ಮೇಲಷ್ಟೇ ಪ್ರದರ್ಶನ ನಿಂತಿತು. ಡಿಸೆಂಬರ್ 24ರಂದು ನೋವಿನಲ್ಲೇ ಮತ್ತೊಮ್ಮೆ, ಕಡೆಯ ಬಾರಿ, ರಂಗವೇರಿದರು. ಮರುವರ್ಷ ಆಗಸ್ಟ್ 2ರಂದು ನೇಪಲ್ಸ್‌ನಲ್ಲಿ ತೀರಿಕೊಂಡಾಗ ಅವರಿಗೆ 48 ವರ್ಷ.

1904ರ ಆ ಮುದ್ರಿಕೆ ನನ್ನಲ್ಲಿದೆ. ಧಾರವಾಡಕ್ಕೆ ಬಂದಾಗ ತರುತ್ತೇನೆ. ಜೊತೆಯಲ್ಲಿ ಕುಳಿತು ಕೇಳೋಣ.