ಗುಡ್ಡೆಯ ಮೇಲಿನ 100 ಗಜ

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, "ನಿಮ್ಮ ಮಂಗಳೂರು ಕಡೆ ಸರ್ಕಾರಿ ಗುಡ್ಡಕ್ಕೆ ಬೇಲಿ ಹಾಕಿ ಕುಮ್ಕಿ ಅಂತೀರಂತೆ, ಅದು ಒತ್ತುವರಿ ಅಲ್ವಾ?" ಅಂತ. ಮಂಡ್ಯದಲ್ಲಿ ಕೂತವನಿಗೆ ಹಾಗೇ ಕಾಣಬಹುದು ಮಾರಾಯ. ಆದರೂ ಆ ಮಾತು ಚುಚ್ಚಿತು.

ನಮ್ಮ ಗದ್ದೆಗೆ ಗುಡ್ಡೆಯೇ ಆಧಾರ. ಇಲ್ಲಿನ ಮಳೆಗೆ ಮಣ್ಣಿನ ಸಾರವೆಲ್ಲ ಕೊಚ್ಚಿ ಹೋಗುತ್ತದೆ. ಗುಡ್ಡೆಯ ಸೊಪ್ಪು, ತರಗೆಲೆ ತಂದು ದನದ ಹಟ್ಟಿಗೆ ಹಾಕಿ ಗೊಬ್ಬರ ಮಾಡಬೇಕು. ಅದಕ್ಕೇ ಮದ್ರಾಸ್ ಸರ್ಕಾರದ ಕಾಲದಿಂದ ಕದೀಂ ವರ್ಗ, ಅಂದರೆ ಹಳೇ ಕಾಲದಿಂದ ಕಂದಾಯ ಕಟ್ಟುವ ಪಟ್ಟಾ ಜಾಗಕ್ಕೆ ತಾಗಿದ 100 ಗಜ ಸರ್ಕಾರಿ ಜಾಗ ಕುಮ್ಕಿ. ಸೊಪ್ಪು, ಹುಲ್ಲು, ಬೇಸಾಯಕ್ಕೆ ಬೇಕಾದ ಮರ ವರ್ಗದ ಒಡೆಯನಾದ ವರ್ಗದಾರನಿಗೆ, ಜಾಗ ಸರ್ಕಾರಕ್ಕೆ. 1964ರ ಭೂಕಂದಾಯ ಕಾಯ್ದೆಯೂ ಈ ಸವಲತ್ತನ್ನು ಉಳಿಸಿದೆ.

ನನ್ನ ಅಜ್ಜ ಚಾಲಗೇಣಿ ಒಕ್ಕಲು, ಅಂದರೆ ಧಣಿ ಬಿಡು ಅಂದರೆ ಜಾಗ ಬಿಡಬೇಕಾದ ಗೇಣಿದಾರ. ಬೈಹುಲ್ಲಿನಲ್ಲಿ ಸುತ್ತಿ ಬಿಗಿದ ಅಕ್ಕಿಮುಡಿ ಹೊತ್ತುಕೊಂಡು ಹೋಗಿ ಧಣಿಗಳ ಅಂಗಳದಲ್ಲಿ ಇಳಿಸುತ್ತಿದ್ದರು. ಬೆಳೆ ಕೈಕೊಟ್ಟ ವರ್ಷವೂ ಗೇಣಿ ತಪ್ಪುತ್ತಿರಲಿಲ್ಲ. ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಯಾಯಿತು. ಗೇಣಿ ಜಾಗ ತನ್ನ ಹೆಸರಿಗೆ ಮಾಡಿಕೊಡಿ ಅಂತ ಅಜ್ಜ ಫಾರಂ ನಂಬರ್ 7 ಹಾಕಿದರು. ನಮ್ಮೂರಲ್ಲಿ ಇವತ್ತಿಗೂ ಅದನ್ನು 'ಡಿಕ್ಲರೇಷನ್' ಅಂತಲೇ ಹೇಳುತ್ತಾರೆ. ಭೂನ್ಯಾಯ ಮಂಡಳಿಯ ಆದೇಶ ಬಂದ ದಿನ ಅಜ್ಜಿ ಆ ಕಾಗದವನ್ನು ದೇವರ ದೀಪದ ಹತ್ತಿರ ಇಟ್ಟಿದ್ದರಂತೆ. 'ಉಳುವವನೇ ಹೊಲದೊಡೆಯ' ಅನ್ನುವುದು ನಮ್ಮ ಜಿಲ್ಲೆಯಲ್ಲಿ ನಿಜವಾಗಿ ನಡೆಯಿತು. ಆ ಹೆಮ್ಮೆ ನನಗಿದೆ.

ಗಡಿಯಾಚೆ ಮಂಜೇಶ್ವರದಲ್ಲಿರುವ ಅತ್ತೆ ಮನೆಯವರಿಗೆ ಗೇಣಿ ತಪ್ಪಿದ್ದು ನಾಲ್ಕು ವರ್ಷ ಮೊದಲೇ, 1970ರ ಜನವರಿ 1ಕ್ಕೆ. 1956ರವರೆಗೆ ನಾವೆಲ್ಲ ಒಂದೇ ಜಿಲ್ಲೆ. ಈಗ ಅವರ ಜಾಗದ ಕಾಗದ ಮಲಯಾಳದಲ್ಲಿ ಬರುತ್ತದೆ.

ನಮ್ಮ ತಲೆಬಿಸಿ ಬೇರೆ. ಡಿಕ್ಲರೇಷನ್ನಿನಲ್ಲಿ ಗದ್ದೆ, ತೋಟ ನಮ್ಮ ಹೆಸರಿಗೆ ಬಂತು. ಗುಡ್ಡೆ ಸರ್ಕಾರದ್ದು, ಅದು ಬರಲಿಲ್ಲ. ಅಲ್ಲಿ ಅಪ್ಪ ಗೇರು ನೆಟ್ಟರು. ಈಗ ನಾನು ಆ ಜಾಗ ಸಕ್ರಮ ಮಾಡಿಕೊಡಿ ಅಂತ ತಾಲೂಕು ಕಚೇರಿಗೆ ಫಾರಂ 57 ಕೊಟ್ಟಿದ್ದೇನೆ. ಮೊದಲು "ಇದು ಕುಮ್ಕಿ, ಮಂಜೂರು ಮಾಡ್ಲಿಕ್ಕೆ ಆಗುವುದಿಲ್ಲ" ಅಂದರು. ಸರಿ, ನಮ್ಮ ಕುಮ್ಕಿ ಅಂತಲೇ ಬರೆದುಕೊಡಿ ಅಂದರೆ, "ವರ್ಗದಾರರು ಹಳೇ ಧಣಿಗಳು, ನೀವಲ್ಲ" ಅಂದರು. ಅಳತೆಗೆ ಬಂದವರು ಗುಡ್ಡೆಯ ನೆತ್ತಿಯಲ್ಲಿ ಚೈನು ಹಿಡಿದು ನಿಂತರು. ಆಚೆ ವರ್ಗದ 100 ಗಜವೂ ಈಚೆಯ 100 ಗಜವೂ ಒಂದರ ಮೇಲೊಂದು ಬೀಳುತ್ತದೆ ಅಂತ ಹೇಳಿ ಇಳಿದು ಹೋದರು. ಫೈಲು ಅಲ್ಲಿಗೇ ನಿಂತಿದೆ. ಮೂರು ತಲೆಮಾರು ಸೊಪ್ಪು ಹೊತ್ತ ಗುಡ್ಡೆಯಲ್ಲಿ ನಾನು ಒತ್ತುವರಿದಾರನಂತೆ!

ಒತ್ತುವರಿ ನೋಡಬೇಕಾದರೆ ಕೆಳಗಿನ ಬೈಲಿಗೆ ಬಾ. ದುಡಿಯುವ ಜನ ಸಿಗದೆ ಗದ್ದೆಗಳು ಹಡಿಲು, ಅಂದರೆ ಪಾಳು ಬಿದ್ದಿವೆ. 2020ರಲ್ಲಿ ಅದೇ ಭೂಸುಧಾರಣಾ ಕಾಯ್ದೆಗೆ ಮತ್ತೆ ತಿದ್ದುಪಡಿ ಆದ ಮೇಲೆ ಬೇಸಾಯ ಗೊತ್ತಿಲ್ಲದವರೂ ಕೃಷಿ ಜಾಗ ಕೊಳ್ಳಬಹುದು. ಕೊಂಡವರೊಬ್ಬರು ಬೈಲಿಗೆ ಲಾರಿಗಟ್ಟಲೆ ಕೆಂಪು ಮಣ್ಣು ತುಂಬಿಸಿದರು. ನೀರು ಹರಿಯುವ ತೋಡು ಮುಚ್ಚಿತು. ಕಳೆದ ಮಳೆಗಾಲದಲ್ಲಿ ನಮ್ಮ ಅಡಿಕೆ ಮರದ ಬುಡದಲ್ಲಿ ವಾರಗಟ್ಟಲೆ ನೀರು. ಅವರ ಕಾಗದ ಮಾತ್ರ ಎಲ್ಲ ಸರಿಯಿದೆ.

ಸೋಮವಾರ ಮತ್ತೆ ಕೆಲಸ ಬಿಟ್ಟು ಕಚೇರಿಗೆ ಹೋಗಬೇಕು. ಈ ಸಲ ಅಜ್ಜನ ಆದೇಶದ ಜೊತೆಗೆ ಹಳೇ ಅಡಂಗಲಿನ, ಅಂದರೆ ಊರಿನ ಜಾಗ-ಬೆಳೆಯ ದಾಖಲೆಯ ನಕಲೂ ಇಟ್ಟುಕೊಂಡಿದ್ದೇನೆ.