‘ಸದಾ ಪ್ರಯತ್ನಪಟ್ಟರು’ ಎಂಬ ಬೈಗುಳ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜರ್ಮನಿಗೆ ಬಂದು ಐದು ತಿಂಗಳಾಯಿತು, ದಿನವೂ ರಾತ್ರಿ ಎಂಟರವರೆಗೆ ಕಚೇರಿಯಲ್ಲೇ ಇರುತ್ತೀರಿ, ಶನಿವಾರವೂ ಲ್ಯಾಪ್‌ಟಾಪ್ ಮುಚ್ಚುವುದಿಲ್ಲ. ಆದರೆ ನಾಲ್ಕೂವರೆಗೇ ಚೀಲ ಹೆಗಲಿಗೇರಿಸಿ ಹೊರಡುವ ಸಹೋದ್ಯೋಗಿಯನ್ನು ಮೇಲಧಿಕಾರಿ ಎಲ್ಲರೆದುರು ಹೊಗಳಿದರು, ನಿಮ್ಮ ಬಗ್ಗೆ ಒಂದು ಮಾತೂ ಇಲ್ಲ. ‘ಈ ದೇಶದಲ್ಲಿ ದುಡಿಮೆಗೆ ಬೆಲೆಯೇ ಇಲ್ಲವೇ?’ ಎಂದು ಕೇಳಿದ್ದೀರಿ. ಹದಿನೆಂಟು ವರ್ಷಗಳ ಹಿಂದೆ ನಾನು ಕೇಳಿಕೊಂಡದ್ದೂ ಇದನ್ನೇ.

ನನ್ನ ಮೊದಲ ಕಚೇರಿಯ ದೀಪಗಳು ಯಾರಾದರೂ ಓಡಾಡಿದರೆ ಮಾತ್ರ ಉರಿಯುವಂಥವು. ಆರು ಗಂಟೆಯಾದರೆ ಇಡೀ ಮಹಡಿಗೆ ನಾನೊಬ್ಬನೇ. ಹತ್ತು ನಿಮಿಷಕ್ಕೊಮ್ಮೆ ಕತ್ತಲು. ಕುರ್ಚಿಯಲ್ಲಿ ಕುಳಿತೇ ಎರಡೂ ಕೈ ಎತ್ತಿ ಬೀಸುತ್ತಿದ್ದೆ, ಬೆಳಕು ಬರುತ್ತಿತ್ತು, ಮತ್ತೆ ಕೆಲಸ. ಹೀಗೆ ಎರಡು ವರ್ಷ ಬೀಸಿದೆ. ಬೇರೆ ಕೆಲಸ ಸಿಕ್ಕಿ ಹೊರಟಾಗ ಆ ಸಂಸ್ಥೆ ಒಂದು ಪ್ರಮಾಣಪತ್ರ ಕೊಟ್ಟಿತು. ಅದನ್ನು ಇಲ್ಲಿ ತ್ಸೊಯ್ಗ್ನಿಸ್ ಎನ್ನುತ್ತಾರೆ. ಕೆಲಸ ಬಿಡುವ ಪ್ರತಿಯೊಬ್ಬರಿಗೂ ಅದನ್ನು ಕೇಳಿ ಪಡೆಯುವ ಕಾನೂನಿನ ಹಕ್ಕಿದೆ, ಮುಂದಿನ ಅರ್ಜಿಗಳಿಗೆಲ್ಲ ಅದನ್ನು ಲಗತ್ತಿಸುವುದು ರೂಢಿ. ನಿಘಂಟು ಹಿಡಿದು ಓದಿದೆ. ‘ವಹಿಸಿದ ಕೆಲಸಗಳನ್ನು ಪೂರೈಸಲು ಇವರು ಸದಾ ಪ್ರಯತ್ನಪಟ್ಟರು’ ಎಂದಿತ್ತು. ಕಣ್ಣು ಒದ್ದೆಯಾಯಿತು. ಅಂತೂ ಯಾರೋ ಗಮನಿಸಿದ್ದಾರಲ್ಲ! ಅದೇ ಖುಷಿಯಲ್ಲಿ ಸಂಜೆಯ ಭಾಷಾ ತರಗತಿಯ ಶಿಕ್ಷಕಿಗೆ ತೋರಿಸಿದೆ. ಅವರು ಓದಿ, ಮಡಿಸಿ, ನನ್ನ ಕೈಗೇ ಮರಳಿಸಿ, ‘ಇದನ್ನು ಯಾರಿಗೂ ತೋರಿಸಬೇಡಿ’ ಎಂದರು.

ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ನಿಮಗೂ ಹೇಳುತ್ತೇನೆ. ಈ ಪತ್ರದಲ್ಲಿ ಸುಳ್ಳು ಬರೆಯುವಂತಿಲ್ಲ, ನೌಕರನ ಮುಂದಿನ ದಾರಿಗೆ ಕಲ್ಲು ಹಾಕುವಂತೆಯೂ ಬರೆಯುವಂತಿಲ್ಲ. ಹಾಗಾಗಿ ಸಂಸ್ಥೆಗಳು ಸಿಹಿ ಮಾತಿನಲ್ಲೇ ಅಂಕ ಅಡಗಿಸುವ ಒಂದು ಸಂಕೇತಭಾಷೆಯನ್ನು ಕಂಡುಕೊಂಡಿವೆ. ‘ನಮಗೆ ಸದಾ ಪರಿಪೂರ್ಣ ತೃಪ್ತಿಯಾಗುವಂತೆ ಕೆಲಸ ಮಾಡಿದರು’ ಎಂದರೆ ಮೊದಲ ದರ್ಜೆ. ‘ಸದಾ ಪೂರ್ಣ ತೃಪ್ತಿಯಾಗುವಂತೆ’ ಎಂದರೆ ಎರಡನೆಯದು. ‘ಸದಾ’ ಬಿಟ್ಟುಹೋದರೆ ಮೂರು, ‘ಪೂರ್ಣ’ವೂ ಹೋಗಿ ಬರೀ ‘ತೃಪ್ತಿ’ ಉಳಿದರೆ ನಾಲ್ಕು. ‘ಪ್ರಯತ್ನಪಟ್ಟರು’, ಜರ್ಮನ್‌ನಲ್ಲಿ ‘ಬೆಮ್ಯೂಟ್’, ಎಂದರೆ ನಪಾಸು. ಪಾಪ, ಒದ್ದಾಡಿದರು, ಆದರೆ ಏನೂ ಆಗಲಿಲ್ಲ ಎಂದು ಅರ್ಥ. ಮೂರನೆಯ ದರ್ಜೆಯೇ ಸರಾಸರಿ, ಅದಕ್ಕಿಂತ ಮೇಲಿನದು ಬೇಕೆಂದರೆ ನೌಕರನೇ ಸಾಬೀತುಪಡಿಸಬೇಕು ಎಂದು ಇಲ್ಲಿನ ಅತ್ಯುಚ್ಚ ಕಾರ್ಮಿಕ ನ್ಯಾಯಾಲಯ 2014ರಲ್ಲಿ ತೀರ್ಪು ಕೊಟ್ಟಿದೆ.

ಪ್ರಯತ್ನ ಎಂಬ ಮಾತೇ ಬೈಗುಳವಾಗುವ ಊರಿಗೆ ನೀವು ಬಂದಿದ್ದೀರಿ. ಇಲ್ಲಿ ದುಡಿಮೆಗೆ ಬೆಲೆಯಿಲ್ಲ ಎಂದಲ್ಲ. ದುಡಿದವನ ಆಯಾಸಕ್ಕೆ ಬೆಲೆಯಿಲ್ಲ. ನಾವು ಓದಿನ ಕಾಲದಿಂದಲೂ ‘ರಾತ್ರಿಯೆಲ್ಲ ಎದ್ದು ಓದಿದ’ ಎಂಬ ಮಾತಿಗೇ ಅರ್ಧ ಅಂಕ ಪಡೆದು ಬೆಳೆದವರು, ಅದಕ್ಕೇ ಇದು ಚುಚ್ಚುತ್ತದೆ. 1994ರ ಕೆಲಸದ ಅವಧಿಯ ಕಾಯ್ದೆಯ ಪ್ರಕಾರ ದಿನಕ್ಕೆ ಎಂಟು ಗಂಟೆ ಕೆಲಸ. ಹತ್ತರವರೆಗೆ ಹಿಗ್ಗಿಸಬಹುದು, ಆದರೆ ಆರು ತಿಂಗಳ ಸರಾಸರಿ ಮತ್ತೆ ಎಂಟಕ್ಕೇ ಬಂದು ನಿಲ್ಲಬೇಕು. ಆದ್ದರಿಂದ ನೀವು ರಾತ್ರಿ ಎಂಟಕ್ಕೂ ಕುಳಿತಿರುವುದನ್ನು ಕಂಡ ಮೇಲಧಿಕಾರಿಯ ಮನಸ್ಸಿನಲ್ಲಿ ಮೂಡುವುದು ಮೆಚ್ಚುಗೆಯಲ್ಲ, ಲೆಕ್ಕ: ಇವರಿಗೆ ಕೆಲಸ ಹೆಚ್ಚಾಗಿದೆಯೇ, ಇಲ್ಲ ಕೈ ನಿಧಾನವೇ, ನಾಳೆ ಇದರಿಂದ ನನಗೇನಾದರೂ ತಕರಾರು ಬಂದೀತೇ?

ಇನ್ನೊಂದು ಪೆಟ್ಟು ಎರಡನೆಯ ಸಂಸ್ಥೆಯಲ್ಲಿ ತಿಂದೆ. ನಮ್ಮ ತಂಡದ ಒಂದು ಪರೀಕ್ಷಾ ತಂತ್ರಾಂಶ ಓಡಿ ಮುಗಿಯಲು ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಮೂರು ವಾರ ಕೂತು ಅದನ್ನು ಒಂಬತ್ತು ನಿಮಿಷಕ್ಕೆ ಇಳಿಸಿದೆ. ಯಾರಿಗೂ ಹೇಳಲಿಲ್ಲ, ತಾನಾಗಿ ತಿಳಿಯುತ್ತದೆ ಎಂದುಕೊಂಡೆ. ಸೋಮವಾರದ ಸಭೆಯಲ್ಲಿ ಒಬ್ಬ ಸಹೋದ್ಯೋಗಿ ‘ಈಗ ಬೇಗ ಮುಗಿಯುತ್ತಿದೆ, ಬಹುಶಃ ಹೊಸ ಸರ್ವರ್ ಬಂದಿರಬೇಕು’ ಎಂದ. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ! ಎಲೆಮರೆಯ ಕಾಯಿ ಎಂದು ನಾವು ಅಭಿಮಾನದಿಂದ ಹೇಳುತ್ತೇವಲ್ಲ, ಆ ಕಾಯಿ ಇಲ್ಲಿ ಎಲೆಮರೆಯಲ್ಲೇ ಉದುರುತ್ತದೆ. ಇದರಲ್ಲಿ ಆ ಸಹೋದ್ಯೋಗಿಯ ತಪ್ಪೇನೂ ಇರಲಿಲ್ಲ. ನಾಲ್ಕೂವರೆಗೆ ಹೊರಡುವ ನಿಮ್ಮ ಸಹೋದ್ಯೋಗಿ ಏನು ಮಾಡುತ್ತಾರೆ ಎಂದು ಒಂದು ವಾರ ಗಮನಿಸಿ. ಏನು ಕೆಟ್ಟಿತ್ತು, ಏನು ಮಾಡಿದೆ, ಈಗ ಹೇಗಿದೆ ಎಂದು ಮೂರು ವಾಕ್ಯ ಹೇಳಿಯೇ ಅವರು ಏಳುತ್ತಾರೆ ಎಂದು ನನ್ನ ಊಹೆ.

ಹೊಗಳಿಕೆ ಕಡಿಮೆಯಾದದ್ದಕ್ಕೆ ಕುಗ್ಗಬೇಡಿ. ‘ಬೈಯದಿದ್ದರೆ ಅದೇ ಸಾಕಷ್ಟು ಹೊಗಳಿಕೆ’ ಎಂದು ದಕ್ಷಿಣದ ಶ್ವಾಬಿಯ ಪ್ರಾಂತ್ಯದಲ್ಲಿ ಗಾದೆಯೇ ಇದೆ. ‘ಕೆಟ್ಟದಾಗಿಲ್ಲ’ ಎಂದು ಯಾರಾದರೂ ಹೇಳಿದರೆ ಆ ದಿನ ಹಬ್ಬ.

ನೀವು ರಾತ್ರಿ ಎಂಟರವರೆಗೆ ಸುರಿಯುತ್ತಿರುವ ಆ ಗಂಟೆಗಳು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗೆ ಆಗಬಾರದು. ಹಾಕಿದ್ದು ಪೈಸೆಪೈಸೆಯಾಗಿ ಮರಳಿ ಬರುವ ಕಡೆಗಳು ಈ ದೇಶದಲ್ಲಿ ಧಾರಾಳವಾಗಿವೆ. ಮುಖ್ಯವಾದದ್ದು ಭಾಷೆ. ನಿಮ್ಮ ಬಳಿ ಇರುವುದು ಬ್ಲೂ ಕಾರ್ಡ್, ಅಂದರೆ ಉನ್ನತ ಶಿಕ್ಷಣ ಪಡೆದ ವಿದೇಶಿ ನೌಕರರಿಗೆ ಕೊಡುವ ವಾಸದ ಪರವಾನಗಿ, ಎಂದು ಬರೆದಿದ್ದೀರಿ. ಅದರಲ್ಲಿ ತೀರಾ ಆರಂಭದ ಎ1 ಮಟ್ಟದ ಜರ್ಮನ್ ಇದ್ದರೆ 27 ತಿಂಗಳಿಗೆ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಮಧ್ಯಮ ಹಂತದ ಬಿ1 ಇದ್ದರೆ 21 ತಿಂಗಳಿಗೇ. ಆರು ತಿಂಗಳು ನಿಮ್ಮದಾಗುತ್ತದೆ. ಅದೇ ಬಿ1 ಮುಂದೆ ಪೌರತ್ವಕ್ಕೂ ಬೇಕು. 2024ರ ಕಾನೂನು ಅದಕ್ಕೆ ಬೇಕಾದ ವಾಸದ ಅವಧಿಯನ್ನು ಎಂಟು ವರ್ಷದಿಂದ ಐದಕ್ಕೆ ಇಳಿಸಿದೆ. ಪೌರತ್ವದ ಪರೀಕ್ಷೆಯ 33 ಪ್ರಶ್ನೆಗಳಲ್ಲಿ 17 ಸರಿಯಾದರೆ ಸಾಕು, ಅದರ 310 ಪ್ರಶ್ನೆಗಳ ಪಟ್ಟಿಯೂ ಮೊದಲೇ ಬಹಿರಂಗ. ವಾಹನ ಚಾಲನೆಯೂ ಹೀಗೆಯೇ: ಭಾರತದ ಪರವಾನಗಿ ಆರು ತಿಂಗಳು ನಡೆಯುತ್ತದೆ, ಆಮೇಲೆ ಇಲ್ಲಿನ ಲಿಖಿತ ಪರೀಕ್ಷೆ, ಚಾಲನಾ ಪರೀಕ್ಷೆ ಎರಡೂ ಆಗಬೇಕು. ಇಂಥ ಕಡೆ ಮುಖ ನೋಡಿ ಮಣೆ ಹಾಕುವುದಿಲ್ಲ. ಓದಿದವನಿಗೆ ಸಿಗುತ್ತದೆ, ಓದದವನಿಗೆ ಇಲ್ಲ.

ಎಲ್ಲವೂ ಹೀಗೆ ನ್ಯಾಯವಾಗಿ ನಡೆಯುತ್ತದೆ ಎಂದು ನಂಬಿಸಲಾರೆ. ಬಾಡಿಗೆ ಮನೆ ಹುಡುಕುವಾಗ ನಾನು ಅರವತ್ತಕ್ಕೂ ಹೆಚ್ಚು ಪತ್ರ ಬರೆದೆ, ಅರ್ಧಕ್ಕರ್ಧ ಜನ ಉತ್ತರವನ್ನೇ ಕೊಡಲಿಲ್ಲ, ನನ್ನ ಹೆಸರಿನಲ್ಲೇ ಅವರಿಗೆ ಏನೋ ಕಂಡಿರಬೇಕು. ಕೊನೆಗೆ ಮನೆ ಸಿಕ್ಕಿದ್ದು ಸಹೋದ್ಯೋಗಿಯೊಬ್ಬರ ನೆರೆಯವರು ಊರು ಬಿಟ್ಟದ್ದರಿಂದ. ಅದರಲ್ಲಿ ನನ್ನ ಶ್ರಮದ ಪಾಲೇನೂ ಇಲ್ಲ.

ಈಗ ನಿಮ್ಮ ತುರ್ತು. ಕೆಲಸಕ್ಕೆ ಸೇರಿದ ಮೊದಲ ಆರು ತಿಂಗಳು ಪರೀಕ್ಷಾ ಅವಧಿ ಎಂದು ನಿಮ್ಮ ಒಪ್ಪಂದದಲ್ಲಿದೆ ಎಂದಿರಿ. ಆ ಅವಧಿಯಲ್ಲಿ ಕಾರಣ ಹೇಳದೆ, ಎರಡು ವಾರದ ನೋಟಿಸಿನಲ್ಲಿ ಬಿಡಿಸಬಹುದು. ಆದ್ದರಿಂದ ಈ ತಿಂಗಳಲ್ಲೇ ನೀವಾಗಿ ಮೇಲಧಿಕಾರಿಯನ್ನು ಅರ್ಧ ಗಂಟೆ ಸಮಯ ಕೇಳಿ. ಒಂದೇ ಪುಟ ಬರೆದು ಒಯ್ಯಿರಿ. ‘ಕಷ್ಟಪಟ್ಟೆ’, ‘ಶ್ರಮಿಸಿದೆ’ ಎಂಬ ಪದಗಳನ್ನೆಲ್ಲ ಹೊಡೆದುಹಾಕಿ ಉಳಿದದ್ದೇನು ಎಂದು ನೋಡಿ, ಉಳಿದದ್ದನ್ನಷ್ಟೇ ತೋರಿಸಿ. ಆಮೇಲೆ ‘ನನ್ನಲ್ಲಿ ಏನು ಸಾಲದು?’ ಎಂದು ನೇರವಾಗಿ ಕೇಳಿ. ಉತ್ತರವೂ ಅಷ್ಟೇ ನೇರವಾಗಿ, ಮೊದಲ ಸಲಕ್ಕೆ ಕೆನ್ನೆಗೆ ಹೊಡೆದ ಹಾಗೆ ಬರುತ್ತದೆ. ಕೋಪಿಸಿಕೊಳ್ಳದೆ ಬರೆದುಕೊಂಡು ಬನ್ನಿ. ಅಲ್ಲಿಯವರೆಗೆ ಸಂಜೆ ಐದೂವರೆಗೆ ಕಚೇರಿಯಿಂದ ಎದ್ದು ಭಾಷಾ ತರಗತಿಗೆ ಹೋಗಿ.

ನನ್ನ ಆ ಮೊದಲ ಪ್ರಮಾಣಪತ್ರ ಇನ್ನೂ ಕಡತದ ತಳದಲ್ಲಿದೆ, ಬಿಸಾಡಿಲ್ಲ. ಅದರ ಮೇಲೆ ಮೂರನೆಯ ಸಂಸ್ಥೆಯವರು ಕೊಟ್ಟದ್ದಿದೆ. ‘ಸದಾ ಪೂರ್ಣ ತೃಪ್ತಿಯಾಗುವಂತೆ’ ಎಂದಿದೆ. ‘ಪರಿ’ ಎಂಬ ಎರಡಕ್ಷರ ಇನ್ನೂ ಬಾಕಿ.